ಬೊಕ್ಕಸ ಖಾಲಿ ಅಂದರೆ ಮೊದಲು ಪುಸ್ತಕ ಕೇಳಿ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಸರ್ಕಾರದ ಕೈಯಲ್ಲಿ ದುಡ್ಡಿಲ್ಲ, ಅದೇ ಹೊತ್ತಿಗೆ ನೌಕರರ ವೇತನ ಒಪ್ಪಂದದ ಅವಧಿಯೂ ಮುಗಿಯುತ್ತಿದೆ. ನಾನು 31 ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿದವಳು. ಅದರಲ್ಲಿ 19 ವರ್ಷ ಸಂಘದ ಪರವಾಗಿ ಮಾತುಕತೆಗೆ ಕೂತಿದ್ದೇನೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮ ನೌಕರರ ಸಂಘದ ಕಾರ್ಯಕಾರಿ ಸಮಿತಿಗೆ ಹೊಸದಾಗಿ ಆಯ್ಕೆಯಾಗಿದ್ದೇನೆ. 'ಎರಡು ವರ್ಷ ವೇತನ ಏರಿಕೆ ಬಿಟ್ಟುಕೊಡಿ, ಪರಿಸ್ಥಿತಿ ಸುಧಾರಿಸಿದ ಮೇಲೆ ನೋಡೋಣ' ಅಂತ ಸರ್ಕಾರದ ಕಡೆಯವರು ಹೇಳುತ್ತಿದ್ದಾರೆ. ಹಣದ ಮುಗ್ಗಟ್ಟು ಇರುವುದು ನಿಜ. 'ಒಪ್ಪಿಬಿಡೋಣ, ಇಲ್ಲದಿದ್ದರೆ ಕೆಲಸಕ್ಕೇ ಕುತ್ತು' ಅನ್ನುವುದು ನಮ್ಮ ಹಿರಿಯರ ಮಾತು. ಏನು ಮಾಡಲಿ?

ಉತ್ತರ: ಕಷ್ಟ ಕಾಲದಲ್ಲಿ ಬಿಟ್ಟುಕೊಡುವುದು ತಪ್ಪಲ್ಲ. 'ಆಮೇಲೆ ನೋಡೋಣ' ಅನ್ನುವ ಮಾತು ನಂಬಿ ಬಿಟ್ಟುಕೊಡುವುದು ತಪ್ಪು. ನಾನೇ ಆ ತಪ್ಪು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಮೊದಲ ಸಲ ಮಾತುಕತೆಗೆ ಹೋದಾಗಲೂ ಇದೇ ಪರಿಸ್ಥಿತಿ. ಎದುರಿಗೆ ಕೂತ ಅಧಿಕಾರಿ ಒಳ್ಳೆಯ ಮನುಷ್ಯ. ಒಂದೇ ಒಂದು ಹಾಳೆ ಮುಂದಿಟ್ಟು 'ಇರೋದು ಇಷ್ಟೇ, ನೀವೇ ನೋಡಿ' ಅಂದರು. ಎರಡು ವರ್ಷದ ಏರಿಕೆ ಬಿಡಿ, ಕೈ ಸ್ವಲ್ಪ ಸಡಿಲಾದ ಕೂಡಲೇ ಸೇರಿಸಿ ಕೊಡುತ್ತೇವೆ ಅಂತ ಬಾಯಿಮಾತಲ್ಲಿ ಹೇಳಿದರು. ನಾವು ಒಪ್ಪಿದೆವು. ಅವರು ಸುಳ್ಳು ಹೇಳಿರಲಿಲ್ಲ ಅಂತ ಇವತ್ತಿಗೂ ನಂಬುತ್ತೇನೆ. ಆದರೆ ಮರುವರ್ಷ ಅವರಿಗೆ ವರ್ಗವಾಯಿತು. ಮಂತ್ರಿಯೂ ಬದಲಾದರು. ಹೊಸಬರ ಮುಂದೆ ಆ ಮಾತು ಎತ್ತಿದಾಗ 'ಫೈಲಿನಲ್ಲಿ ಎಲ್ಲಿದೆ?' ಅಂತ ಕೇಳಿದರು. ಫೈಲಿನಲ್ಲಿ ಇರಲಿಲ್ಲ.

ಏಳು ವರ್ಷ ಕಳೆದ ಮೇಲೆ ನಮ್ಮ ಶಾಖೆಯ ಹಿರಿಯರೊಬ್ಬರು ನಿವೃತ್ತರಾದರು. ಪಿಂಚಣಿ ಆದೇಶ ಕೈಗೆ ಬಂದ ದಿನ ನನ್ನ ಮೇಜಿನ ಹತ್ತಿರ ಬಂದರು. ಹಾಳೆ ಬಿಡಿಸಿ 'ಕೊನೆಯ ಮೂಲ ವೇತನ' ಅನ್ನುವ ಸಾಲಿನ ಮೇಲೆ ಬೆರಳಿಟ್ಟರು. 'ಆ ಎರಡು ಏರಿಕೆ ಇದರಲ್ಲಿ ಇಲ್ಲ ಅಲ್ವಾ ಅಮ್ಮಾ?' ಅಂದರು. ಬೈಯಲಿಲ್ಲ. ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಆ ಬೆರಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಲೆಕ್ಕ ನೋಡಿ. ತಿಂಗಳ ಸಂಬಳ 40,000 ಅಂದುಕೊಳ್ಳಿ. ಶೇ. 4ರ ಒಂದು ಏರಿಕೆ ಬಿಟ್ಟರೆ ತಿಂಗಳಿಗೆ 1,600, ವರ್ಷಕ್ಕೆ 19,200 ಹೋಯಿತು. ಇನ್ನೂ 20 ವರ್ಷ ಸರ್ವಿಸ್ ಇರುವವರಿಗೆ ಅದು 3,84,000. ಮುಂದಿನ ಏರಿಕೆಗಳೆಲ್ಲ ಕಡಿಮೆ ಮೂಲ ವೇತನದ ಮೇಲೆ ಬರುವುದರಿಂದ ನಿಜವಾದ ನಷ್ಟ ಇದಕ್ಕಿಂತ ಜಾಸ್ತಿ. ಪಿಂಚಣಿ ಬೇರೆ. ಅದೇ ಏರಿಕೆಯನ್ನು ಕಾಗದದ ಮೇಲೆ ಉಳಿಸಿಕೊಂಡು, ಒಂದು ವರ್ಷದ ಮಟ್ಟಿಗೆ ಶೇ. 4ರಷ್ಟು ಸಂಬಳವಿಲ್ಲದ ರಜೆ ತೆಗೆದುಕೊಂಡರೆ? ತಿಂಗಳಿಗೆ ಹೆಚ್ಚುಕಡಿಮೆ ಒಂದು ದಿನದ ಸಂಬಳ. ನಷ್ಟ ಸುಮಾರು 19,200, ಅಲ್ಲಿಗೇ ಮುಗಿಯಿತು. ಈ ವರ್ಷ ಸರ್ಕಾರಕ್ಕೆ ಉಳಿಯುವ ದುಡ್ಡು ಎರಡರಲ್ಲೂ ಒಂದೇ. ನಿಮ್ಮವರ ಜೀವನಕ್ಕೆ ಮಾತ್ರ ಎರಡೂ ಒಂದೇ ಅಲ್ಲ. ಅದಕ್ಕೆ ಕೊಡುವುದಾದರೆ ಒಂದು ಸಲಕ್ಕೆ ಮುಗಿಯುವಂಥದ್ದನ್ನು ಕೊಡಿ, ಮೂಲ ವೇತನ ಮುಟ್ಟಬೇಡಿ.

ಇನ್ನು ಬಿಟ್ಟುಕೊಟ್ಟದ್ದು ವಾಪಸ್ ಬರುವ ತಾರೀಖು. ಐರ್ಲೆಂಡ್ ನೋಡಿ. 2008ರಲ್ಲಿ ಬ್ಯಾಂಕುಗಳು ಮುಳುಗಿದ ಮೇಲೆ ಅಲ್ಲಿನ ಸರ್ಕಾರಿ ನೌಕರರಿಗೆ ಎರಡು ಪೆಟ್ಟು ಬಿತ್ತು. 2009ರಲ್ಲಿ ಪಿಂಚಣಿ ಹೆಸರಿನಲ್ಲಿ ಹೊಸ ಕಡಿತ, 2010ರ ಜನವರಿಯಿಂದ ಸಂಬಳದಲ್ಲೇ ಕಡಿತ. ಆ ವರ್ಷ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಕೂತು ಸಂಘಗಳು ಒಂದು ಒಪ್ಪಂದ ಮಾಡಿಕೊಂಡವು. ಇನ್ನು ಸಂಬಳ ಕಡಿಯುವುದಿಲ್ಲ, ಬಲವಂತವಾಗಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅಂತ ಸರ್ಕಾರ ಬರೆದುಕೊಟ್ಟಿತು. ಕೆಲಸದ ರೀತಿ ಬದಲಾಯಿಸಿಕೊಳ್ಳುತ್ತೇವೆ, ಮುಷ್ಕರ ಮಾಡುವುದಿಲ್ಲ ಅಂತ ಸಂಘಗಳು ಬರೆದುಕೊಟ್ಟವು. ಆಮೇಲೂ ಕಷ್ಟ ತಪ್ಪಲಿಲ್ಲ. 2013ರಲ್ಲಿ ಜಾಸ್ತಿ ಸಂಬಳದವರಿಗೆ ಮತ್ತೆ ಕಡಿತ ಬಂತು, ಕೆಲಸದ ಗಂಟೆಗಳೂ ಏರಿದವು. ಕೆಲವು ಸಂಘಗಳು ಮೇಜು ಬಿಟ್ಟು ಎದ್ದವು, ಆದರೂ ಮಾತುಕತೆ ನಿಲ್ಲಲಿಲ್ಲ. 2015ರ ಒಪ್ಪಂದದಿಂದ ಕಡಿದದ್ದು ಕಂತು ಕಂತಾಗಿ ವಾಪಸ್ ಬರಲು ಶುರುವಾಯಿತು. 2017ರಲ್ಲಿ ಅದಕ್ಕೊಂದು ಕಾನೂನೇ ಆಯಿತು. ಕಡಿಮೆ ಸಂಬಳದವರಿಗೆ ಮೊದಲು, ದೊಡ್ಡ ಸಂಬಳದವರಿಗೆ ಕೊನೆಗೆ. ಕೊನೆಯ ಕಂತು ಬಂದದ್ದು 2022ರ ಜುಲೈನಲ್ಲಿ. ಹನ್ನೆರಡು ವರ್ಷ ಹಿಡಿಯಿತು ನಿಜ, ಆದರೆ 'ಫೈಲಿನಲ್ಲಿ ಎಲ್ಲಿದೆ?' ಅಂತ ಯಾರೂ ಕೇಳುವ ಹಾಗಿರಲಿಲ್ಲ.

ಆದರೆ ತಾರೀಖಿನ ಮಾತಿಗೂ ಮೊದಲು ಇನ್ನೊಂದು ಕೆಲಸವಿದೆ. ಬೊಕ್ಕಸ ಖಾಲಿ ಅಂದವರ ಹತ್ತಿರ ಪುಸ್ತಕ ಕೇಳಿ. ಅವರು ಮುಂದಿಡುವ ಒಂದು ಹಾಳೆ ಸಾಲದು. ಈ ವರ್ಷದ ಬಜೆಟ್ ಅಂದಾಜು, ಹೋದ ವರ್ಷದ ಪರಿಷ್ಕೃತ ಅಂದಾಜು, ಅದಕ್ಕೂ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ, ಈ ಮೂರೂ ಬೇಕು. ಮೂರನ್ನೂ ಪಕ್ಕಪಕ್ಕ ಇಟ್ಟು ಸಂಬಳದ ಬಾಬ್ತು ಹುಡುಕಿ.

ಎರಡನೇ ಸಲದ ಮಾತುಕತೆಗೆ ಮುಂಚೆ ನಾನು ಮಾಡಿದ್ದು ಅದನ್ನೇ. ಮೂರು ರಾತ್ರಿ ಕೂತು, ಅಡಿಪಟ್ಟಿ ಸಾಲಿಗೆ ಹಿಡಿದು, ಒಂದೊಂದೇ ಬಾಬ್ತು ಓದಿಕೊಂಡು ಹೋದೆ. ಒಂದು ಕಡೆ ಅಡಿಪಟ್ಟಿ ನಿಂತಿತು. ಅಂದಾಜಿನಲ್ಲಿ ಸಂಬಳಕ್ಕೆ ಅಂತ ಇಟ್ಟ ದುಡ್ಡು ಒಂದಷ್ಟು, ಆಡಿಟ್ ಲೆಕ್ಕದಲ್ಲಿ ಖರ್ಚಾದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಹಿಂದಿನ ವರ್ಷವೂ ಹಾಗೆಯೇ. ಕಾರಣ ಸರಳ. ಮಂಜೂರಾಗಿ ಭರ್ತಿಯಾಗದ ಹುದ್ದೆಗಳಿಗೂ ಪೂರ್ತಿ ವರ್ಷದ ಸಂಬಳ ಬರೆದಿಟ್ಟಿದ್ದರು. ಆ ಜಾಗದ ಕೆಲಸವನ್ನು ಇದ್ದವರೇ ಮೈಮೇಲೆ ಹಾಕಿಕೊಂಡು ಮಾಡುತ್ತಿದ್ದರು. ಸಭೆಯಲ್ಲಿ ಆ ಎರಡು ಪುಟ ತೆರೆದು ತೋರಿಸಿದೆ. ಅಧಿಕಾರಿ ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ಹಾಕಿ ಓದಿದರು. ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು. ಕೊರತೆ ನಿಜವಾಗಿಯೂ ಇತ್ತು, ಹೇಳಿದಷ್ಟು ಇರಲಿಲ್ಲ.

ಪುಸ್ತಕದಲ್ಲಿ ಇನ್ನೂ ಎರಡು ನೋಡಿ. ಒಂದು, ಇದು ಈ ವರ್ಷದ ಮುಗ್ಗಟ್ಟೋ, ವರ್ಷ ವರ್ಷ ಬೆಳೆಯುವ ಕೊರತೆಯೋ? ತೆರಿಗೆ ತಡವಾಗಿ ಬಂದು ಕೈ ಖಾಲಿಯಾಗುವುದು ಬೇರೆ, ಆದಾಯಕ್ಕಿಂತ ಖರ್ಚು ಯಾವತ್ತೂ ಜಾಸ್ತಿ ಇರುವುದು ಬೇರೆ. ಮೊದಲನೆಯದಕ್ಕೆ ಕಾಯಂ ಕಡಿತ ಕೇಳಿದರೆ ಒಪ್ಪಬೇಡಿ. ಇನ್ನೊಂದು, ಬೇರೆ ನಿಧಿಗಳು. ಸಾಮಾನ್ಯ ನಿಧಿ ಬರಿದಾದಾಗಲೂ ನಿರ್ದಿಷ್ಟ ಕೆಲಸಕ್ಕೆ ಮೀಸಲಿಟ್ಟ ನಿಧಿಯಲ್ಲಿ ದುಡ್ಡಿರಬಹುದು. ಅದನ್ನು ಮುಟ್ಟಲು ಕಾನೂನು ಬಿಡುತ್ತದೋ ಇಲ್ಲವೋ ಕೇಳಿ ತಿಳಿಯಿರಿ.

ಇಷ್ಟಾದ ಮೇಲೂ ಕೊಡಲೇಬೇಕು ಅಂತಾದರೆ ಕೊಡಿ. ಆದರೆ ಬರಹದಲ್ಲಿ ಮೂರು ಮಾತು ಇರಲಿ. ಕೊಟ್ಟದ್ದು ಯಾವ ತಾರೀಖಿಗೆ ತಾನಾಗಿಯೇ ಕೊನೆಯಾಗುತ್ತದೆ. ಆದಾಯ ಇಷ್ಟು ಮುಟ್ಟಿದರೆ ಅವಧಿಗೆ ಮುಂಚೆಯೇ ಮತ್ತೆ ಮಾತಿಗೆ ಕೂರುತ್ತೇವೆ. ಈ ಅವಧಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ನಮ್ಮ ಕೆಲಸ ಹೊರಗುತ್ತಿಗೆಗೆ ಹೋಗುವುದಿಲ್ಲ. ಸಾಧ್ಯವಾದರೆ ನಾಲ್ಕನೆಯದೂ ಕೇಳಿ: ನಮ್ಮ ನಂತರ ಕೂರುವ ಸಂಘಕ್ಕೆ ಇದಕ್ಕಿಂತ ಒಳ್ಳೆಯದು ಸಿಕ್ಕರೆ ನಮಗೂ ಅದೇ. ಮೊದಲು ಒಪ್ಪಿದವರಿಗೆ ನಷ್ಟ ಅನ್ನುವ ಭಯ ಇದ್ದರೆ ಯಾವ ಸಂಘವೂ ಮೊದಲು ಒಪ್ಪುವುದಿಲ್ಲ. ಸರ್ಕಾರಕ್ಕೂ ಇದು ಅನುಕೂಲವೇ.

ಪ್ರಶ್ನೆ: ನಾನು ಸರ್ಕಾರಿ ನೌಕರಳಲ್ಲ. ನನ್ನ ಇಬ್ಬರು ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ. ನನ್ನ ಗಂಡನ ಖಾಸಗಿ ಕಂಪನಿಯಲ್ಲಿ ಸಂಬಳ ಕಡಿದರು, ಯಾರೂ ನಮ್ಮನ್ನು ಕೇಳಲಿಲ್ಲ. ಶಾಲೆಗೇ ದುಡ್ಡಿಲ್ಲದಿರುವಾಗ ಶಿಕ್ಷಕರು ಸಂಬಳದ ಮಾತಾಡುವುದು ಸರಿಯಾ ಅಕ್ಕಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ತಂಗಿ. ನಿಮ್ಮ ಯಜಮಾನರನ್ನು ಯಾರೂ ಕೇಳದೆ ಕಡಿದದ್ದು ತಪ್ಪು. ಅವರಿಗೂ ಮಾತಾಡುವ ಒಂದು ಮೇಜು ಇರಬೇಕಿತ್ತು ಅಂತ ನನ್ನ ಅನಿಸಿಕೆ.

ಶಿಕ್ಷಕರು ಏನೂ ಬಿಟ್ಟುಕೊಡುವುದಿಲ್ಲ ಅಂತ ಅಂದುಕೊಳ್ಳಬೇಡಿ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಬ್ಯಾಂಕುಗಳು ಸಾಲ ಕೊಡುವುದು ನಿಲ್ಲಿಸಿದ್ದವು. ಸಾವಿರಾರು ಶಿಕ್ಷಕರ ಕೆಲಸ ಆಗಲೇ ಹೋಗಿತ್ತು, ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಏರಿತ್ತು, ಸೆಪ್ಟೆಂಬರಿನಲ್ಲಿ ಶಿಕ್ಷಕರ ಮುಷ್ಕರವೂ ನಡೆದಿತ್ತು. ಅಕ್ಟೋಬರ್ 17ರಂದು ನಗರ 45.3 ಕೋಟಿ ಡಾಲರ್ ಸಾಲ ತೀರಿಸಬೇಕಿತ್ತು. ಕೈಯಲ್ಲಿ ಅಷ್ಟು ಇರಲಿಲ್ಲ. ಶಿಕ್ಷಕರ ಪಿಂಚಣಿ ನಿಧಿಯಿಂದ 15 ಕೋಟಿ ಡಾಲರ್ ಹಾಕಿ, ನಗರಕ್ಕೆ ಸಾಲ ಒದಗಿಸುವ ಬಾಂಡ್ ಕೊಂಡರೆ ಮಾತ್ರ ನಗರ ಉಳಿಯುತ್ತಿತ್ತು. ಮೇಯರ್ ಅಬ್ರಹಾಂ ಬೀಮ್ ಅವರ ಕಚೇರಿಯಲ್ಲಿ ದಿವಾಳಿಯ ಹೇಳಿಕೆ ಬರೆದು ಸಿದ್ಧವಾಗಿತ್ತು. ಶಿಕ್ಷಕರ ಸಂಘದ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ಮೊದಲು ಒಪ್ಪಲಿಲ್ಲ. ಅದು ಶಿಕ್ಷಕರ ಮುಪ್ಪಿನ ಕಾಲದ ದುಡ್ಡು, ಒಪ್ಪದಿದ್ದದ್ದು ಸಹಜ. ಕೊನೆಗೆ ಮಧ್ಯಾಹ್ನ, ಬ್ಯಾಂಕು ಮುಚ್ಚುವ ಹೊತ್ತು ಹತ್ತಿರವಾದಾಗ ಒಪ್ಪಿದರು. ಕಷ್ಟಕಾಲದಲ್ಲಿ ಆ ಊರನ್ನು ಹೊತ್ತವರಲ್ಲಿ ಅದೇ ಶಿಕ್ಷಕರೂ ಇದ್ದರು.

ಮಾತುಕತೆಯಲ್ಲಿ ಮಕ್ಕಳನ್ನು ಮರೆತ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 2009ರಲ್ಲಿ ಅಮೆರಿಕದ ಹವಾಯಿಯಲ್ಲಿ ಸರ್ಕಾರ ಮತ್ತು ಶಿಕ್ಷಕರ ಸಂಘ ಸೇರಿ ವರ್ಷಕ್ಕೆ 17 ದಿನ ಸಂಬಳವಿಲ್ಲದ ರಜೆಗೆ ಒಪ್ಪಿದವು. ಆ ದಿನಗಳನ್ನು ಪಾಠ ನಡೆಯುವ ಶುಕ್ರವಾರಗಳಿಗೇ ಹಾಕಿದರು. 180 ದಿನದ ಶಾಲೆ 163 ದಿನಕ್ಕೆ ಇಳಿಯಿತು. ಶಿಕ್ಷಕರು ಸಂಬಳದಲ್ಲಿ ಸುಮಾರು ಶೇ. 8 ಕಳೆದುಕೊಂಡರು, ಅದು ಸಣ್ಣ ತ್ಯಾಗವಲ್ಲ. ಆದರೂ ಜನ ಅವರ ಕಡೆ ನಿಲ್ಲಲಿಲ್ಲ. ಪೋಷಕರು ರಾಜ್ಯಪಾಲರ (ಅಲ್ಲಿ ರಾಜ್ಯ ಸರ್ಕಾರದ ಮುಖ್ಯಸ್ಥರೇ ಅವರು) ಕಚೇರಿಯಲ್ಲೇ ಧರಣಿ ಕೂತರು. ಒಂದು ಶಾಲಾ ವರ್ಷ ಮುಗಿಯುವಷ್ಟರಲ್ಲಿ ಆ ಏರ್ಪಾಡು ಕೈಬಿಡಬೇಕಾಯಿತು. ಮಕ್ಕಳ ಪಾಠದ ದಿನಕ್ಕೆ ಎರಡೂ ಕಡೆಯವರು ಕೈ ಹಾಕಬಾರದಿತ್ತು.

ನಿಮಗೆ ನನ್ನದೊಂದು ಕೋರಿಕೆ. ಶಾಲೆಯ ಪೋಷಕರ ಸಭೆಗೆ ಹೋದಾಗ ಶಿಕ್ಷಕರನ್ನು ಕೇಳಿ: ನಿಮ್ಮ ಬೇಡಿಕೆ ಪಟ್ಟಿಯಲ್ಲಿ ತರಗತಿಯ ಮಕ್ಕಳ ಸಂಖ್ಯೆ ಇದೆಯಾ? ಖಾಲಿ ಇರುವ ಗಣಿತದ ಶಿಕ್ಷಕರ ಹುದ್ದೆ ಇದೆಯಾ? ಇದ್ದರೆ ಅವರ ಜೊತೆ ನಿಲ್ಲಿ. ಇಲ್ಲದಿದ್ದರೆ ಸೇರಿಸಿ ಅಂತ ಪಟ್ಟು ಹಿಡಿಯಿರಿ. ನನ್ನ ಸಂಘದಲ್ಲಿ ಹೊರಗಿನವರು ಬಂದು ಹಾಗೆ ಕೇಳಿದ್ದರೆ ನಮಗೆ ಎಷ್ಟೋ ಬಲ ಬರುತ್ತಿತ್ತು.

ಪ್ರಶ್ನೆ: ನಾವು ಒಂದೊಂದು ಷರತ್ತಿಗೂ ತಿಂಗಳುಗಟ್ಟಲೆ ಕೂತು ಮಾತಾಡುತ್ತೇವೆ. ಸರ್ಕಾರ ಒಂದು ಕಾನೂನು ತಂದು ಮಾತುಕತೆಯನ್ನೇ ಇಲ್ಲವಾಗಿಸಿದರೆ ಏನು ಗತಿ?

ಉತ್ತರ: ಆಗಿದೆ, ಹಾಗೂ ಆಗಿದೆ. 2011ರ ಫೆಬ್ರುವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ರಾಜ್ಯಪಾಲ ಸ್ಕಾಟ್ ವಾಕರ್ ಕೊರತೆಯ ಕಾರಣ ಕೊಟ್ಟು ಒಂದು ಮಸೂದೆ ತಂದರು. ನೌಕರರು ಸಂಬಳದ ಶೇ. 5.8ರಷ್ಟನ್ನು ಪಿಂಚಣಿಗೆ ಕೊಡಬೇಕು, ಆರೋಗ್ಯ ವಿಮೆಯ ಕಂತಿನಲ್ಲಿ ಶೇ. 12.6 ತಾವೇ ಕಟ್ಟಬೇಕು. ಅದರ ಜೊತೆಗೆ, ಸಂಘಗಳು ಇನ್ನು ಮೂಲ ವೇತನ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಮಾತುಕತೆ ನಡೆಸುವ ಹಾಗಿಲ್ಲ, ಅದೂ ಬೆಲೆ ಏರಿಕೆಯ ಮಿತಿಯೊಳಗೆ. ಪೊಲೀಸರಿಗೂ ಅಗ್ನಿಶಾಮಕದವರಿಗೂ ಮಾತ್ರ ವಿನಾಯಿತಿ. ದುಡ್ಡಿನ ಎರಡೂ ಷರತ್ತು ಒಪ್ಪುತ್ತೇವೆ, ಮಾತುಕತೆಯ ಹಕ್ಕು ಬಿಡಿ ಅಂತ ದೊಡ್ಡ ಸಂಘಗಳ ಮುಖಂಡರು ಹೇಳಿದರು. ವಾಕರ್ ಒಪ್ಪಲಿಲ್ಲ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಆಗಬಾರದು ಅಂತ ವಿರೋಧ ಪಕ್ಷದ 14 ಸೆನೆಟರುಗಳು ಪಕ್ಕದ ರಾಜ್ಯಕ್ಕೆ ಹೋಗಿ ಕೂತರು, ಜನ ಶಾಸನಸಭೆಯ ಕಟ್ಟಡದಲ್ಲೇ ರಾತ್ರಿ ಕಳೆದರು. ಆದರೂ ಮಾರ್ಚ್ 11ರಂದು ಸಹಿ ಬಿತ್ತು. ಸ್ಥಳೀಯ ಸರ್ಕಾರಗಳ ನೌಕರರಿಗೆ ಮಾತುಕತೆಯ ಹಕ್ಕನ್ನು 1959ರಲ್ಲಿ, ಆ ದೇಶದಲ್ಲೇ ಮೊದಲು ಕೊಟ್ಟ ರಾಜ್ಯವೂ ಅದೇ.

ನೌಕರರ ಪರ ಅನ್ನುವ ಪಕ್ಷ ಬಂದರೆ ಸುರಕ್ಷಿತ ಅಂತಲೂ ಸುಮ್ನೆ ಕೂರಬೇಡಿ. ಕೆನಡಾದ ಒಂಟಾರಿಯೊದಲ್ಲಿ 1993ರಲ್ಲಿ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಪಕ್ಷದ ಬಾಬ್ ರೇ ಸರ್ಕಾರ, ಸಹಿಯಾಗಿದ್ದ ಒಪ್ಪಂದಗಳನ್ನೇ ಕಾನೂನಿನ ಮೂಲಕ ಬಿಚ್ಚಿತು. ವರ್ಷಕ್ಕೆ 12 ದಿನದವರೆಗೆ ಸಂಬಳವಿಲ್ಲದ ರಜೆ ಹೇರಿತು. ಆ ಪಕ್ಷವನ್ನು ಬೆಳೆಸಿದವರಲ್ಲಿ ಕಾರ್ಮಿಕ ಸಂಘಗಳೂ ಇದ್ದವು. 1995ರ ಚುನಾವಣೆಯಲ್ಲಿ ಪಕ್ಷ ಸೋತಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕಾನೂನು ತಡೆಯುವ ಶಕ್ತಿ ಮಾತುಕತೆಯ ಮೇಜಿನಲ್ಲಿಲ್ಲ, ಹೊರಗಿದೆ. ಹವಾಯಿಯ ಪೋಷಕರು ಯಾರ ಮೇಲೆ ಸಿಟ್ಟಾಗಿದ್ದರೋ ಅಂಥ ಸಂಘವನ್ನು ಉಳಿಸಲು ಯಾರೂ ಬೀದಿಗೆ ಬರುವುದಿಲ್ಲ. ಮಾತುಕತೆ ಶುರುವಾಗುವ ಮುಂಚೆಯೇ ಜನರ ಹತ್ತಿರ ಹೋಗಿ. ಆಸ್ಪತ್ರೆಯ ಸರತಿ ಸಾಲು ಯಾಕೆ ಉದ್ದವಾಗಿದೆ, ಒಂದು ಕಡತಕ್ಕೆ ಯಾಕೆ ನಾಲ್ಕು ತಿಂಗಳು ಹಿಡಿಯುತ್ತದೆ, ಎಷ್ಟು ಕುರ್ಚಿ ಖಾಲಿ ಇವೆ ಅಂತ ವಿವರಿಸಿ. ಸಂಬಳದ ಮಾತು ಆಮೇಲೆ. ನಮ್ಮ ಸಂಘ ಇದನ್ನು ಬಹಳ ತಡವಾಗಿ ಕಲಿಯಿತು, ಅದರ ನೋವು ನನಗಿದೆ.

ಪ್ರಶ್ನೆ: ಪಿಂಚಣಿಗೆ ಯಾರೂ ಕೈ ಹಾಕುವ ಹಾಗಿಲ್ಲ ಅಲ್ವಾ? ಅದು ನಾವು ಆಗಲೇ ದುಡಿದದ್ದು.

ಉತ್ತರ: ಹಾಕಬಾರದು. ಆದರೆ ಹಾಕಿದ್ದಾರೆ. ಅಮೆರಿಕದ ಡೆಟ್ರಾಯಿಟ್ ನಗರ 2013ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಸಾಮಾನ್ಯ ನಿವೃತ್ತರ ಪಿಂಚಣಿ ಶೇ. 4.5 ಕಡಿಮೆಯಾಯಿತು, ಬೆಲೆ ಏರಿಕೆಗೆ ತಕ್ಕಂತೆ ಪ್ರತಿವರ್ಷ ಆಗುತ್ತಿದ್ದ ಹೆಚ್ಚಳವೂ ನಿಂತಿತು. ದಾನಸಂಸ್ಥೆಗಳೂ ರಾಜ್ಯ ಸರ್ಕಾರವೂ ದುಡ್ಡು ಹಾಕದಿದ್ದರೆ ಕಡಿತ ಇನ್ನೂ ದೊಡ್ಡದಾಗುತ್ತಿತ್ತು.

ನಿಮ್ಮ ಸಂಘ ಒಂದು ಕಡೆ ಕಣ್ಣಿಡಲಿ. ಕಷ್ಟದ ವರ್ಷಗಳಲ್ಲಿ ಸರ್ಕಾರಗಳು ಪಿಂಚಣಿ ನಿಧಿಗೆ ಕಟ್ಟಬೇಕಾದ ಕಂತನ್ನು ಸದ್ದಿಲ್ಲದೆ ಮುಂದೂಡುತ್ತವೆ. ಆ ತಿಂಗಳು ನಿಮ್ಮ ಸಂಬಳದ ಚೀಟಿಯಲ್ಲಿ ಏನೂ ಬದಲಾಗುವುದಿಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ. ಹಾಗಾಗಿ ಪ್ರತಿ ಮಾತುಕತೆಯಲ್ಲೂ ಕೇಳಿ: ಈ ವರ್ಷದ ಕಂತು ಕಟ್ಟಿದ್ದೀರಾ, ರಸೀದಿ ಎಲ್ಲಿ?

ಪ್ರಶ್ನೆ: ಮೇಡಂ, ಮುಂದಿನ ವಾರ ನನ್ನ ಮೊದಲ ಸಭೆ. ನನಗೆ 29 ವರ್ಷ. ಎದುರಿಗೆ ಕೂರುವವರೆಲ್ಲ ದೊಡ್ಡ ಅಧಿಕಾರಿಗಳು. ಭಯ ಆಗುತ್ತಿದೆ.

ಉತ್ತರ: ನನಗೂ ಆಗಿತ್ತು ಮಗಳೇ. ಮೊದಲ ಸಭೆಯಲ್ಲಿ ನೀನು ಜಾಸ್ತಿ ಮಾತಾಡಬೇಕಾಗಿಲ್ಲ. ಬರೆದುಕೊಳ್ಳುವ ಕೆಲಸ ಕೇಳಿ ತೆಗೆದುಕೊ. ಉದ್ದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಗಂಟೆ, ಮಧ್ಯದಲ್ಲಿ ಯಾರು ಹೇಳಿದ್ದು, ಬಲಕ್ಕೆ ಏನು ಹೇಳಿದ್ದು. ಹೇಳಿದ ಮಾತನ್ನು ಹೇಳಿದ ಹಾಗೇ ಬರೆ. ಯಾರಾದರೂ 'ಅದನ್ನು ಬರೀಬೇಡಮ್ಮ' ಅಂದರೆ, ಆ ಮಾತನ್ನೂ ಗಂಟೆ ಸಮೇತ ಬರೆ. ಒಂದು ಸಲ ರಾತ್ರಿ ಹನ್ನೊಂದಕ್ಕೆ ಎರಡು ಕಡೆಯವರಿಗೂ ಜಗಳ ಹತ್ತಿ, ಬೆಳಿಗ್ಗೆ ಒಪ್ಪಿದ್ದೇ ಇಲ್ಲ ಅಂತ ಒಬ್ಬರು ಎದ್ದು ನಿಂತರು. ನಾನು ಪುಟ ತಿರುಗಿಸಿ 10.40ರ ಸಾಲು ಓದಿದೆ. ಅವರು ಕೂತರು.

ಹಳೆಯ ಒಪ್ಪಂದದ ಪ್ರತಿ ಚೀಲದಲ್ಲಿರಲಿ. ಅವಧಿ ಮುಗಿದ ಮೇಲೂ ಹಳೆಯ ಷರತ್ತುಗಳು ಮುಂದುವರಿಯುತ್ತವೆಯೋ ಇಲ್ಲವೋ ಅಂತ ನಿಮ್ಮ ವಕೀಲರನ್ನು ಮೊದಲೇ ಕೇಳು. ನ್ಯೂಯಾರ್ಕ್ ರಾಜ್ಯದಲ್ಲಿ 1982ರಿಂದ, ಹೊಸ ಒಪ್ಪಂದ ಆಗುವವರೆಗೂ ಹಳೆಯದು ನಡೆಯುತ್ತದೆ ಅನ್ನುವ ಕಾನೂನಿದೆ. ಎಲ್ಲ ಕಡೆ ಹಾಗಿಲ್ಲ. ಹಳೆಯದು ನಡೆಯುವುದಾದರೆ ಅವಸರ ಅವರಿಗೆ, ನಿನಗಲ್ಲ.

ಊಟ ಮಾಡಿ ಹೋಗು, ಆ ಸಭೆಗಳು ಯಾವತ್ತೂ ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ. ಕೊನೆಗೆ ಸಹಿ ಬೀಳುವಾಗ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಇದೆಯಾ ನೋಡು, ತಿದ್ದಿದ ಜಾಗದ ಪಕ್ಕದಲ್ಲೂ ನೋಡು. ಜೆರಾಕ್ಸ್ ನಾಳೆ ಕಳಿಸುತ್ತೇವೆ ಅಂತಾರೆ. ಅವತ್ತೇ, ಅಲ್ಲೇ ನಿಂತು ತೆಗೆದುಕೊಂಡು ಬಾ.